ಕಾನಿನಂಚಿನ ಮೂವತ್ತು ಮೀಟರ್

ತಾಳಗುಂದ
೧೦ ನವೆಂಬರ್ ೨೦೨೪

ಅಕ್ಕನಿಗೆ,

ಇವತ್ತು ಬೆಳಿಗ್ಗೆ ರಸ್ತೆಯಲ್ಲಿ ಒಣಹಾಕಿದ್ದ ಮೆಕ್ಕೆಜೋಳದ ಮೇಲೆ ಬಸ್ಸು ಹಾದುಹೋಗಿ ಎರಡು ಉದ್ದನೆಯ ಗೀರು ಬಿದ್ದಿದ್ದವು. ಪಕ್ಕದ ಮನೆಯ ಹುಚ್ಚಮ್ಮ ಬರಿಗಾಲಿನಲ್ಲಿ ಕಾಳು ಸರಿಸುತ್ತ ಅವನ್ನು ಮುಚ್ಚುತ್ತಿದ್ದಳು. ಬಸ್ಸಿನವನನ್ನು ಬೈಯಲಿಲ್ಲ. ಗುರುತು ಹೋದರೆ ಸಾಕು ಅನ್ನುವ ಹಾಗೆ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದಳು. ಸ್ವಲ್ಪ ಹೊತ್ತು ನೋಡಿ ಒಳಗೆ ಬಂದೆ. ಬಂದು ನಿನ್ನ ಅರ್ಜಿಯ ಶುದ್ಧಪ್ರತಿ ಬರೆಯಲು ಕೂತೆ.

ಫೋನಿನಲ್ಲಿ ನನ್ನ ಬಾಯಿಂದ ಹೂಂ ಬಿಟ್ಟು ಬೇರೆ ಬರುವುದಿಲ್ಲ, ಇನ್ನು ಮೇಲೆ ಹೇಳುವುದಿದ್ದರೆ ಕಾಗದದಲ್ಲಿ ಬರೆದು ಹೇಳು ಅಂತ ದೀಪಾವಳಿಯ ದಿನ ಎಲ್ಲರೆದುರು ಅಂದೆಯಲ್ಲ. ಸರಿ, ಬರೆಯುತ್ತಿದ್ದೇನೆ. ಕಾಗದದಲ್ಲಿ ನಾನು ಹೂಂ ಅನ್ನುವುದು ಕಡಿಮೆ.

ಅರ್ಜಿಯನ್ನು ಇದರ ಜೊತೆ ಇಟ್ಟಿದ್ದೇನೆ. ಅಜ್ಜಿ ನಮ್ಮಿಬ್ಬರ ಹೆಸರಿಗೆ ಮಾಡಿಸಿದ ಕ್ಯಾಸನೂರಿನ ಜಮೀನಿನಲ್ಲಿ, ನಿಮ್ಮ ಹೋಂಸ್ಟೇಗೆ ಬಂದವರು ಕೂತು ಕೆರೆ ನೋಡಲು, ಕಂಬಗಳ ಮೇಲೆ ಹಲಗೆ ಹಾಸಿದ ಒಂದು ಡೆಕ್ ಕಟ್ಟಲು ಅನುಮತಿ ಬೇಕು ಎಂದು ಬರೆದಿದ್ದೇನೆ. ಜಮೀನಿಗೂ ಕೆರೆಗೂ ನಡುವೆ ಇರುವ ಸರ್ಕಾರಿ ಕಾಡಿನ, ಅದೇ ನಮ್ಮ ಕಾನಿನ, ಗಡಿಕಲ್ಲಿನಿಂದ ಮೂವತ್ತು ಮೀಟರಿನೊಳಗೆ ಏನನ್ನೂ ಕಟ್ಟುವಂತಿಲ್ಲ ಎಂದು ಅರಣ್ಯ ಕಚೇರಿಯವರು ಹೇಳಿದ್ದಾರೆಂದು ನೀನು ಹೇಳಿದ್ದರಿಂದ, ಕಲ್ಲಿನಿಂದ ಡೆಕ್ಕಿನ ಮುಂದಿನ ಕಂಬ ಬರುವ ಜಾಗಕ್ಕೆ ಮೂವತ್ನಾಲ್ಕು ಮೀಟರ್ ಇದೆ ಎಂದು ಎರಡು ಕಡೆ ಬರೆದಿದ್ದೇನೆ. ಅಳೆದದ್ದು ನಾನೇ ಆದ್ದರಿಂದ ಧೈರ್ಯವಾಗಿ ಬರೆದೆ. ಕಾನಿನ ಬಗ್ಗೆಯೂ ನಾಲ್ಕು ಸಾಲು ಇದೆ. ಅದು ಬೇಡವಾದರೆ ಹೊಡೆದು ಹಾಕು.

ದೀಪಾವಳಿಯ ದಿನ ಟೇಪು ಹಿಡಿದುಕೊಂಡಿದ್ದಾಗ ಭಾವ ಅಂದರಲ್ಲ, "ಏನಮ್ಮ ಮೇಡಂನೋರೆ, ಟೇಪಿನ ತುದಿ ಹಿಡಿಯೋಕೂ ಎಂ.ಎ. ಓದ್ಬೇಕಾ?" ಎಂದು. ನೀನೂ ನಕ್ಕೆ. ನಾನು ಕಲ್ಲು ನೋಡುತ್ತಿದ್ದೆ. ಆ ಕಲ್ಲಿನ ಉಳಿದ ಮುಖಗಳೆಲ್ಲ ಒರಟು. ನಂಬರ್ ಕೆತ್ತಿದ ಮುಖ ಮಾತ್ರ ಅಂಗೈಯ ಹಾಗೆ ನುಣುಪು, ನಡುವೆ ಸ್ವಲ್ಪ ತಗ್ಗು, ಅಂಕಿಗಳು ಅರ್ಧ ಸವೆದಿವೆ. ಮಳೆ ಒಂದೇ ಮಗ್ಗುಲಿಗೆ ಬೀಳುತ್ತದೆಯೇ ಎಂದು ಯೋಚಿಸಿದೆ. ಅದನ್ನು ಅರ್ಜಿಯಲ್ಲಿ ಬರೆದಿಲ್ಲ.

ನಿನ್ನ ತಂಗಿ,
ಮೀನಾ


ಕ್ಯಾಸನೂರು
೨೪ ನವೆಂಬರ್ ೨೦೨೪

ಮೀನಾ,

ಅರ್ಜಿ ಕೊಟ್ಟಾಯಿತು. ಗುಮಾಸ್ತ ಎರಡು ಸಲ ಓದಿದ. "ಯಾರ್ರೀ ಇದನ್ನ ಬರೆದಿದ್ದು? ಓದ್ತಾ ಇದ್ರೆ ಕಾನು ಕಣ್ಣೆದುರಿಗೆ ಬರ್ತದೆ" ಅಂದ. ನನ್ನ ತಂಗಿ ಅಂದೆ. ಅಲ್ಲಿ ನಿಂತ ನಾಲ್ಕು ಜನರೆದುರು ಹೆಮ್ಮೆಯಿಂದಲೇ ಅಂದೆ. ಇದನ್ನು ಓದಿ ನೀನು ಉಬ್ಬುವುದು ಬೇಡ. ಆಗಿದ್ದನ್ನು ಬರೆದೆ, ಅಷ್ಟೆ.

ಕಲ್ಲಿನ ಮಗ್ಗುಲು ನೋಡಿಕೊಂಡು ಕೂರುವುದಕ್ಕೆ ನಿನಗೆ ಹೊತ್ತಿದೆ. ನನಗಿಲ್ಲ. ಬಂದವರಿಗೆ ರೊಟ್ಟಿ ತಟ್ಟಬೇಕು, ಅವರು ಹೋದ ಮೇಲೆ ಹಾಸಿಗೆ ಒಗೆಯಬೇಕು. ಎಲ್ಲ ಆದ ಮೇಲೆ ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, "ಇಲ್ಲಿ ವ್ಯೂ ಎಲ್ಲಿದೆ ಆಂಟಿ?" ಅಂತ ಕೇಳುತ್ತಾರೆ. ಕೆರೆ ಅಷ್ಟು ಹತ್ತಿರ ಇದ್ದೂ ಕಾಣುವುದಿಲ್ಲ. ಒಂದು ಸಲ ಬಂದವರು ಮತ್ತೆ ಬರುವುದಿಲ್ಲ. ಡೆಕ್ ಅಂದರೆ ನನಗೆ ಶೋಕಿ ಅಂತ ನೀನು ಅಂದುಕೊಂಡಿದ್ದರೆ ಅದನ್ನು ತಲೆಯಿಂದ ತೆಗೆದುಹಾಕು. ಅದು ಆಗದಿದ್ದರೆ ಈ ಬೇಸಿಗೆಗೆ ಹೋಂಸ್ಟೇ ಬಾಗಿಲು ಹಾಕಿ ಇವರ ಜೊತೆ ಮತ್ತೆ ಕೂಲಿಗೆ ಹೋಗಬೇಕು.

ಈಗ ಇನ್ನೊಂದು ಕಾಗದ ಕೇಳಿದ್ದಾರೆ. ಖಾತೆ ಜಂಟಿ ಆದ್ದರಿಂದ ನಮ್ಮಿಬ್ಬರ ಸಹಿಯೂ ಬೇಕಂತೆ. ಛಾಪಾ ಕಾಗದದಲ್ಲಿ ಟೈಪ್ ಮಾಡಿಸಿ ಕಳಿಸಿದ್ದೇನೆ. "ಸದರಿ ಗಡಿಕಲ್ಲು ಮೂಲ ಸ್ಥಳದಲ್ಲಿಯೇ ಇದ್ದು, ಅದನ್ನು ಯಾರೂ ಸ್ಥಳಾಂತರ ಮಾಡಿರುವುದಿಲ್ಲ" ಅಂತ ಇದೆ, ಅಷ್ಟೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡಿ ವಾರದೊಳಗೆ ಕಳಿಸು. ಕವಿತೆ ಬರೆಯಬೇಡ, ಸಹಿ ಮಾಡು.

ಅಮ್ಮನಿಗೆ, ಅಜ್ಜಿಗೆ ಕೇಳಿದೆ ಅಂತ ಹೇಳು.

ಪ್ರಮೀಳಾ


ತಾಳಗುಂದ
೧೮ ಡಿಸೆಂಬರ್ ೨೦೨೪

ಅಕ್ಕ,

ವಾರ ಅಂದಿದ್ದೆ, ಮೂರು ವಾರ ದಾಟಿದೆ. ನೀನು ಅಮ್ಮನ ಫೋನಿಗೆ ಮಾಡಿ ಕೂಗಾಡಿದ್ದು ನನಗೂ ಕೇಳಿಸಿತು. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ.

ಸಹಿ ಮಾಡುವುದಕ್ಕೆಂದೇ ಪೆನ್ನು ತೆಗೆದಿದ್ದೆ. ಮಾಡುವ ಮೊದಲು ಅಜ್ಜಿಗೊಮ್ಮೆ ಓದಿ ಹೇಳೋಣ ಅನ್ನಿಸಿತು. ಜಮೀನು ಅವಳಿಂದ ಬಂದದ್ದು. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಓದಿದೆ.

"ಏನಂತ? ಇನ್ನೊಂದ್ಸಲ ಓದು" ಅಂದಳು.

ಓದಿದೆ. ಅಜ್ಜಿ ನಗುವುದಕ್ಕೆ ಶುರುಮಾಡಿದಳು. ಕೆಮ್ಮು ಬರುವವರೆಗೂ ನಕ್ಕಳು.

"ಯಾರೂ ಸ್ಥಳಾಂತರ ಮಾಡಿಲ್ವಂತಾ! ನಿಮ್ಮಜ್ಜ ಅದಕ್ಕೆ ಹಗ್ಗ ಕಟ್ಟಿ ಎತ್ತಿನ ಕೈಲಿ ಎಳಿಸ್ಕೊಂಡು ಹೋಗುವಾಗ ಹಿಂದಿನಿಂದ ಹಾರೆ ಹಾಕಿ ದೂಡಿದೋಳು ಯಾರು ಅಂದ್ಕಂಡೆ? ನಾನೇ ಕಣೆ."

"ಎಳೆದದ್ದು ಯಾಕಜ್ಜಿ?"

"ಉಪ್ಪಿಗೆ. ಕುರಿ ಮಧ್ಯಾಹ್ನ ಮಲಗೋದು ಕಾನಿನೊಳಗೆ, ನೆಳ್ಳಲ್ಲಿ. ಉಪ್ಪು ನೆಲಕ್ಕೆ ಹಾಕಿದ್ರೆ ಮಣ್ಣೂ ತಿಂತಾವೆ. ಚಪ್ಪಟೆ ಕಲ್ಲು ಬೇಕಿತ್ತು. ಅಂಥ ಚಂದದ ಕಲ್ಲು ಆ ಸುತ್ತಿನಾಗೆ ಇನ್ನೊಂದಿರಲಿಲ್ಲ. ಸರ್ಕಾರದೋರು ಒಳ್ಳೆ ಕಲ್ಲನ್ನೇ ತಂದಿದ್ರು, ಪಾಪ."

ನಂಬರ್ ಇದ್ದ ಮುಖ ಮೇಲೆ ಮಾಡಿ ಮಲಗಿಸಿದ್ದರಂತೆ. ಎಷ್ಟೋ ವರ್ಷ ಕುರಿಗಳು ನೆಕ್ಕಿ ನೆಕ್ಕಿ ಅಂಕಿ ಸವೆದಿದೆ. ನುಣುಪು ಯಾಕೆಂದು ಈಗ ತಿಳಿಯಿತು.

"ಮತ್ತೆ ಈಗ ನೆಟ್ಟಗೆ ನಿಂತಿದೆಯಲ್ಲ?" ಅಂದೆ.

"ಕುರಿ ಮಾರಿದ ಮೇಲೆ ಹಂಗೇ ಬಿದ್ದಿತ್ತು. ನಿಮ್ಮಜ್ಜಂಗೆ ಸಮಾಧಾನ ಇಲ್ಲ. ಸರ್ಕಾರದ ಕಲ್ಲು, ನಂಬರ್ ಬೇರೆ ಐತೆ, ಮಲಗಿಸಿದ್ರೆ ತಪ್ಪಾಗ್ತದೆ ಅಂತ. ಮಲಗಿದ್ದ ಜಾಗದಾಗೇ ಗುಂಡಿ ತೋಡಿ ನಿಲ್ಸಿ, ಕೈ ಮುಗಿದು ಬಂದ್ರು. ಅಷ್ಟು ಭಯ ಅವ್ರಿಗೆ ಸರ್ಕಾರ ಅಂದ್ರೆ."

"ಮೊದಲಿದ್ದ ಕಡೆಗೇ ತಂದು ನಿಲ್ಲಿಸಬಹುದಿತ್ತಲ್ಲ ಅಜ್ಜಿ."

"ಯಾರು ಎಳೀತಾರೆ? ಅಷ್ಟೊತ್ತಿಗೆ ಎತ್ತೂ ಮಾರಿದ್ವಿ."

ಅಕ್ಕ, ನಮ್ಮ ಸಣ್ಣಬೀರಪ್ಪಜ್ಜ ಸರ್ಕಾರಕ್ಕೆ ಮರ್ಯಾದೆ ಕೊಡಲು ಹೋಗಿ ಗಡಿಯನ್ನೇ ಕಾನಿನೊಳಗೆ ನೆಟ್ಟು ಬಂದಿದ್ದಾನೆ. ನಾನು ಆ ಕಲ್ಲಿಗೆ ಟೇಪು ಹಿಡಿದು ಅಳೆದಿದ್ದೇನೆ. ಅಜ್ಜಿಯ ಲೆಕ್ಕದಲ್ಲಿ ಅದು ಮೂವತ್ತಾರು ಹೆಜ್ಜೆ ಒಳಗೆ ಹೋಗಿದೆ. ಹೆಚ್ಚು ಕಡಿಮೆ ಇಪ್ಪತ್ತೈದು ಮೀಟರ್. ಅಂದರೆ ನಿನ್ನ ಡೆಕ್ ಕಾನಿನಿಂದ ಮೂವತ್ನಾಲ್ಕು ಮೀಟರ್ ದೂರದಲ್ಲಿಲ್ಲ, ಒಂಬತ್ತು ಮೀಟರ್ ದೂರದಲ್ಲಿದೆ. ಯಾರೂ ಸರಿಸಿಲ್ಲ ಎಂದು ನಾನು ಹೇಗೆ ಸಹಿ ಮಾಡಲಿ?

ನಿಮಗೂ ಗೊತ್ತಿರಲಿಕ್ಕಿಲ್ಲ. ಕಚೇರಿಗೆ ಹೋಗಿ ಹೀಗಾಗಿದೆ ಎಂದು ಹೇಳಿಬಿಡಿ.

ಮೀನಾ


ಕ್ಯಾಸನೂರು
೨೬ ಡಿಸೆಂಬರ್ ೨೦೨೪

ಮೀನಾ,

ಅಜ್ಜಿಗೆ ಬೆಳಿಗ್ಗೆ ತಿಂದದ್ದು ಮಧ್ಯಾಹ್ನ ನೆನಪಿರುವುದಿಲ್ಲ. ನಾನು ಹೋದಾಗೆಲ್ಲ ನನ್ನನ್ನು ಅಮ್ಮನ ಹೆಸರು ಹಿಡಿದು ಕರೆಯುತ್ತಾಳೆ. ಅಂಥವಳಿಗೆ ಯಾವ ಕಾಲದ ಕಲ್ಲು, ಎಷ್ಟು ಹೆಜ್ಜೆ ಅಂತ ನೆನಪಿದೆ. ಅದನ್ನು ನೀನು ನಂಬಿದೆ. ಅಕ್ಕ ಹೇಳಿದ್ದನ್ನು ಮಾತ್ರ ನಂಬಲಿಲ್ಲ.

ಸರಿ, ಒಂದು ವೇಳೆ ನಿಜವೇ ಅಂತ ಇಟ್ಟುಕೋ. ಕಚೇರಿಗೆ ಹೋಗಿ ಏನು ಹೇಳಲಿ? ನಮ್ಮ ಅಜ್ಜ ನಿಮ್ಮ ಕಲ್ಲು ಕಿತ್ತುಕೊಂಡು ಹೋಗಿ ಕುರಿಗೆ ಉಪ್ಪು ತಿನ್ನಿಸಿದ ಸ್ವಾಮಿ ಅಂತಲಾ? ಗಡಿಕಲ್ಲು ಕಿತ್ತರೆ ಕೇಸು. ಅಜ್ಜ ಈಗ ಇಲ್ಲ. ದೂಡಿದವಳು ನಾನೇ ಅಂತ ಡಂಗುರ ಹೊಡೆಯುವ ಅಜ್ಜಿ ಇದ್ದಾಳಲ್ಲ, ಕೇಸು ಅವಳ ಮೇಲೆ ಬೀಳುತ್ತದೆ. ಆಗ ನೀನು ಜಾಮೀನಿಗೆ ಅರ್ಜಿ ಬರೆ. ಚೆನ್ನಾಗಿ ಬರೆಯುತ್ತೀಯ.

ನಿನ್ನ ಕಷ್ಟ ಏನು ಅಂತ ನನಗೆ ಗೊತ್ತು. ನನಗೊಂದು ಆಗುತ್ತದೆ ಅಂದರೆ ನಿನಗೆ ತಡೆಯುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ನನಗೂ ಫಸ್ಟ್ ಕ್ಲಾಸ್ ಬಂದಿತ್ತು. ಅದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ರಿಸಲ್ಟ್ ಬಂದ ವಾರವೇ ನನ್ನನ್ನು ಇಲ್ಲಿಗೆ ಕಳಿಸಿದರು, ಆಗ ಇಲ್ಲೇ ಇದ್ದ ಅಜ್ಜಿಗೆ ಕುರಿ ಹಿಂದೆ ಹೋಗಲು ಆಗುತ್ತಿರಲಿಲ್ಲ ಅಂತ. ಆಗ ನಿನಗೆ ಐದು ವರ್ಷ. ನಿನಗೆ ಹೊಸ ಚೀಲ ಕೊಡಿಸಿದ್ದರು. ನೀನು ಓದಿದೆ, ಹಾಸ್ಟೆಲಿಗೆ ಹೋದೆ, ಪದವಿಯ ಮೇಲೆ ಪದವಿ. ಯಾರಾದರೂ ನನ್ನನ್ನು ಕೇಳಿದರಾ? ನಾನು ಯಾರ ಹತ್ತಿರವೂ ಲೆಕ್ಕ ಕೇಳಲಿಲ್ಲ. ಈಗ ಒಂದು ಸಹಿ ಕೇಳಿದ್ದೇನೆ.

ಒಂಬತ್ತು ಮೀಟರ್ ಅಂತೆ! ಕಾನು ಎದ್ದು ಬಂದು ಅಳೆಯುತ್ತದಾ?

ಪ್ರಮೀಳಾ


ಕ್ಯಾಸನೂರು
೬ ಜನವರಿ ೨೦೨೫

ಚಿ. ಮೀನಾಳಿಗೆ ನಿನ್ನ ಭಾವ ಮಾಳೇಶ ಬರೆಯುವುದು.

ಇದನ್ನು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ, ಬಂದಿಲ್ಲ ಅನ್ನಬೇಡ. ಅರ್ಜಿಯಲ್ಲಿ ಇರುವುದು ನಿನ್ನ ಕೈಬರಹ. ಅಳತೆ ಮಾಡಿದ್ದು ನೀನು ಅಂತ ನೀನೇ ಬರೆದಿದ್ದೀಯ. ನಾಳೆ ಅದು ಸುಳ್ಳು ಅಂತಾದರೆ ಸುಳ್ಳು ಬರೆದವರ ಹೆಸರು ಯಾವುದು ಅಂತ ಯೋಚನೆ ಮಾಡು. ಈಗಿನ ಖಾಸಗಿ ಶಾಲೆ ಬಿಟ್ಟು ಸರ್ಕಾರಿ ಶಾಲೆ ಟೀಚರ್ ಹುದ್ದೆಗೆ ಅರ್ಜಿ ಹಾಕಿದ್ದೀಯ ಅಂತ ನಿಮ್ಮಮ್ಮ ಹೇಳಿದರು. ಅದಕ್ಕೆ ಪೊಲೀಸ್ ವೆರಿಫಿಕೇಶನ್ ಇರುತ್ತದೆ. ನಾನು ಹೆದರಿಸುತ್ತಿಲ್ಲ. ದೊಡ್ಡವನಾಗಿ ತಿಳಿಸಿ ಹೇಳುತ್ತಿದ್ದೇನೆ. ಮರದ ಮಿಲ್ಲಿನಿಂದ ಹಲಗೆ ಬಂದು ಬಿದ್ದಿದೆ.

ಮಾಳೇಶ


ತಾಳಗುಂದ
೨೦ ಜನವರಿ ೨೦೨೫

ಅಕ್ಕ,

ಶನಿವಾರ ನಾನು ಕ್ಯಾಸನೂರಿಗೆ ಬಂದಿದ್ದೆ. ನಿಮಗೆ ಹೇಳಲಿಲ್ಲ. ಶಾಲೆಗೆ ರಜೆ ಹಾಕಿ, ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಬಂದೆ. ಪಕ್ಕದಲ್ಲಿ ಕೂತ ಹೆಂಗಸು ಯಾರ ಮನೆಗೆ ಎಂದು ಕೇಳಿದಳು. ಯಾರ ಮನೆಗೂ ಅಲ್ಲ ಅಂದಾಗ ಬುಟ್ಟಿಯನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡಳು.

ಅಜ್ಜಿ ಗುರುತು ಹೇಳಿ ಕಳಿಸಿದ್ದಳು. "ಮತ್ತಿಮರಕ್ಕೆ ಬೆನ್ನು ಕೊಟ್ಟು ಕೆರೆ ಕಡೆ ಮುಖ ಮಾಡಿ ಹತ್ತು ಹೆಜ್ಜೆ ಹೋಗು. ಉಣುಗು ಕಚ್ಚದಂಗೆ ಎಣ್ಣೆ ಹಚ್ಚಿಕೊಳ್ಳದೆ ಕಾನಿಗೆ ಕಾಲಿಟ್ರೆ ನನ್ನ ಹತ್ರ ಬರಬೇಡ, ಮಂಗನ ಕಾಯಿಲೆ ತರ್ತೀಯ" ಅಂದಳು. ಬೆಳಿಗ್ಗೆ ತಿಂದದ್ದು ಅವಳಿಗೆ ನೆನಪಿರುವುದಿಲ್ಲ, ನಿಜ. ಹತ್ತನೇ ಹೆಜ್ಜೆಯಲ್ಲಿ ಕಾಲಿನಿಂದ ಎಲೆ ಸರಿಸಿದೆ. ಸಿಗಲಿಲ್ಲ. ಹನ್ನೆರಡನೆಯದರಲ್ಲಿ ಸಿಕ್ಕಿತು. ಮೊಣಕೈ ಆಳದ ಕುಳಿ. ಕಲ್ಲು ಅಲುಗಾಡದಿರಲೆಂದು ಸುತ್ತ ಜಡಿದ ಸಣ್ಣ ಕಲ್ಲುಗಳು ಇನ್ನೂ ಹಾಗೇ ಇವೆ. ಅಜ್ಜಿ ಎರಡು ಹೆಜ್ಜೆ ಮರೆತಿದ್ದಾಳೆ. ಅಥವಾ ನನ್ನ ಹೆಜ್ಜೆ ಚಿಕ್ಕದು.

ಅಲ್ಲಿಂದ ಈಗ ಕಲ್ಲು ನಿಂತಿರುವ ಜಾಗದವರೆಗೆ ನಡೆದೆ. ನಡುವೆ ಹನ್ನೊಂದು ದೊಡ್ಡ ಮರಗಳಿವೆ. ಎಂಟಕ್ಕೆ ಸುಣ್ಣದ ಗೆರೆ ಎಳೆದಿದ್ದಾರೆ. ಹಿಂದಕ್ಕೆ ಬಂದು ಡೆಕ್ಕಿನ ಜಾಗದಿಂದ ನೋಡಿದೆ. ಕೆರೆಗೂ ಡೆಕ್ಕಿಗೂ ನಡುವೆ ಬರುವುದು ಆ ಎಂಟೇ. ಕಲ್ಲು ಅಲ್ಲೇ ಇದೆ ಎಂದು ನಾನು ಸಹಿ ಮಾಡಿದರೆ ಆ ಮರಗಳು ಕಾನಿನವಲ್ಲ, ನಮ್ಮ ಜಮೀನಿನವು ಆಗುತ್ತವೆ. ಆಮೇಲೆ ಕಡಿಯುವುದಕ್ಕೆ ಯಾರನ್ನು ಕೇಳಬೇಕು? ಇದನ್ನು ನೀನು ಯಾವ ಕಾಗದದಲ್ಲೂ ಬರೆಯಲಿಲ್ಲ. ಭಾವನೂ ಬರೆಯಲಿಲ್ಲ.

ಅನುಮತಿ ಬರುವ ಮೊದಲೇ ನಾಲ್ಕು ಕಂಬ ನಿಲ್ಲಿಸಿ ಎರಡು ಹಲಗೆ ಹಾಕಿದ್ದೀರಿ. ನಾನು ಮರಗಳ ಮಧ್ಯೆ ಇದ್ದಾಗ ನೀನು ಮನೆಯ ಕಡೆಯಿಂದ ಚಾ ಲೋಟ ಹಿಡಿದುಕೊಂಡು ಬಂದೆ. ಹಲಗೆಯ ಮೇಲೆ ಹತ್ತಿ, ಗಟ್ಟಿ ಇದೆಯೇ ಎಂದು ಎರಡು ಸಲ ಕಾಲಿನಿಂದ ಒತ್ತಿ ನೋಡಿದೆ. ಆಮೇಲೆ ಕೂತು ಕಾಲು ಇಳಿಬಿಟ್ಟೆ. ಒಳಗಿನಿಂದ ಭಾವ ಏನೋ ಕೂಗಿದರು. ನೀನು ಏಳಲಿಲ್ಲ. ಚಾ ಮುಗಿದ ಮೇಲೂ ಕೂತೇ ಇದ್ದೆ. ಅಕ್ಕ, ಕೈಯಲ್ಲಿ ಕೆಲಸವಿಲ್ಲದೆ ನೀನು ಕೂತದ್ದನ್ನು ನಾನು ಇಲ್ಲಿಯವರೆಗೆ ನೋಡಿರಲಿಲ್ಲ. ಕರೆಯಬೇಕೆನ್ನಿಸಿತು. ಕರೆಯಲಿಲ್ಲ. ನೀನು ಎದ್ದು ಹೋದ ಮೇಲೆ ನಾನು ಬಸ್ಸಿಗೆ ಹೋದೆ.

ಇಪ್ಪತ್ತೊಂದು ಮೀಟರ್ ಹಿಂದಕ್ಕೆ ಕಟ್ಟಿಕೊಳ್ಳಿ. ಅದಕ್ಕೆ ಬೇಕಾದ ಅರ್ಜಿ, ನಕಾಶೆ, ಯಾವ ಕಾಗದವಾದರೂ ನಾನು ಬರೆದುಕೊಡುತ್ತೇನೆ. ಇದಕ್ಕೆ ಮಾತ್ರ ಸಹಿ ಕೇಳಬೇಡ.

ಭಾವನಿಗೆ ಹೇಳು, ರಿಜಿಸ್ಟರ್ ಕಾಗದ ಬಂದು ತಲುಪಿದೆ.

ಮೀನಾ


ಕ್ಯಾಸನೂರು
೨ ಫೆಬ್ರವರಿ ೨೦೨೫

ಮೀನಾ,

ಕಳ್ಳರ ಹಾಗೆ ಬಂದು, ಮರದ ಹಿಂದೆ ನಿಂತು ಅಕ್ಕ ಚಾ ಕುಡಿಯುವುದನ್ನು ನೋಡಿಕೊಂಡು ಹೋದೆ. ಬಾಗಿಲಿಗೆ ಬಂದಿದ್ದರೆ ನಿನಗೂ ಒಂದು ಲೋಟ ಕೊಡುತ್ತಿದ್ದೆ. ಬೈದುಕೊಂಡಾದರೂ ಕೊಡುತ್ತಿದ್ದೆ. ನಿನಗೆ ಜನ ಬೇಡ. ನೋಡುವುದಕ್ಕೆ ಜನ ಸಿಕ್ಕರೆ ಸಾಕು.

ಇಪ್ಪತ್ತೊಂದು ಮೀಟರ್ ಹಿಂದೆ ಏನಿದೆ ಅಂತ ನೋಡಿಕೊಂಡೆಯಾ? ಗೊಬ್ಬರದ ಗುಂಡಿ. ಅಲ್ಲಿಂದ ಕೆರೆ ಬಿಡು, ಕೆರೆಯ ಏರಿಯೂ ಕಾಣುವುದಿಲ್ಲ. ಬಂದವರು ಗೊಬ್ಬರ ನೋಡಿಕೊಂಡು ಕಾಫಿ ಕುಡಿಯಲಿ ಅಂತಲಾ? ಅದಕ್ಕೂ ನಾಲ್ಕು ಚಂದದ ಸಾಲು ಬರೆ.

ಇಷ್ಟು ದಿನ ಹೇಳಿರಲಿಲ್ಲ, ಈಗ ಹೇಳುತ್ತೇನೆ. ನಿಮಗೂ ಗೊತ್ತಿರಲಿಕ್ಕಿಲ್ಲ ಅಂತ ಬರೆದಿದ್ದೆಯಲ್ಲ. ಇವರಿಗೆ ಮೊದಲು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾಲ್ಕು ವರ್ಷ ಆ ಕಲ್ಲಿನ ಮೇಲೆ ಉಪ್ಪು ಹಾಕಿದವಳು ನಾನು. ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ಹೋಗುತ್ತಿದ್ದೆ, ಬೆವರಿಗೆ ಅದು ಕರಗಿ ಸೊಂಟ ಉರಿಯುತ್ತಿತ್ತು. ಕುರಿ ನೆಕ್ಕುವಾಗ ಆಗುವ ಸದ್ದು ಈಗಲೂ ಕಿವಿಯಲ್ಲಿದೆ. ಅಜ್ಜ ಕಲ್ಲನ್ನು ನಿಲ್ಲಿಸಿದ ದಿನ ಮಣ್ಣು ತುಂಬಿದ್ದೂ ನಾನೇ. ದೀಪಾವಳಿಯ ದಿನ ನೀನು ಹೋಗಿ ಅದಕ್ಕೆ ಟೇಪು ಹಿಡಿದಾಗ ನಾನು ಸುಮ್ಮನಿದ್ದೆ.

ಯಾಕೆ ಅಂತ ಕೇಳುತ್ತೀಯಾ? ನಾನು ಬರೆದುಕೊಟ್ಟಿದ್ದರೆ ಆ ಗುಮಾಸ್ತ 'ಸರ್ವೆಯವರನ್ನು ಕರೆಸಿ, ಅಳತೆ ಮಾಡಿಸಿ' ಅಂತಿದ್ದ. ನೀನು ಬರೆದದ್ದನ್ನು ನಂಬಿದ. ನಿನ್ನ ಓದು ಒಂದು ಸಲವಾದರೂ ನನಗೆ ಉಪಯೋಗಕ್ಕೆ ಬರಲಿ ಅಂತ ಅಂದುಕೊಂಡೆ. ತಪ್ಪು ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ.

ಈ ತಿಂಗಳು ಇಪ್ಪತ್ತೊಂದಕ್ಕೆ, ಶುಕ್ರವಾರ ಹನ್ನೊಂದು ಗಂಟೆಗೆ ಫಾರೆಸ್ಟ್ ಗಾರ್ಡ್ ಶಿವಶಂಕರ ಅವರು ಮಹಜರಿಗೆ ಬರುತ್ತಾರೆ. ಛಾಪಾ ಕಾಗದ ಕೈಯಲ್ಲಿದ್ದರೆ ಅಲ್ಲಿಂದಲೇ ಶಿಫಾರಸು ಬರೆಯುತ್ತೇನೆ ಅಂದಿದ್ದಾರೆ. ಅವರಿಗೆ ನಂಬರಿನ ಕಲ್ಲು ಕಂಡರೆ ಸಾಕು. ಕಾಗದ ಬರದಿದ್ದರೆ ಇನ್ನು ಅಕ್ಕ ಅಂತ ಬರೆಯಬೇಡ.

ಪ್ರಮೀಳಾ


ತಾಳಗುಂದ
೧೭ ಫೆಬ್ರವರಿ ೨೦೨೫

ಅಕ್ಕ,

ಬೇಡವೆಂದರೂ ಹೀಗೆಯೇ ಬರೆಯುತ್ತೇನೆ. ಬೇರೆ ಏನೆಂದು ಬರೆಯುವುದು ನನಗೆ ಗೊತ್ತಿಲ್ಲ.

ಛಾಪಾ ಕಾಗದವನ್ನು ವಾಪಸ್ ಕಳಿಸಿದ್ದೇನೆ. ಪೆನ್ಸಿಲ್ ಗುರುತಿನ ಕಡೆ ಖಾಲಿಯಾಗಿಯೇ ಇದೆ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕುರಿಯ ಹಿಂದೆ ಹೋದವಳು ನೀನು, ಚೀಲ ಸಿಕ್ಕಿದವಳು ನಾನು. ಅದು ಸುಳ್ಳಲ್ಲ. ಐದು ವರ್ಷದವಳು ಏನು ಮಾಡಬೇಕಿತ್ತು ಎಂದು ನಿನ್ನನ್ನು ಕೇಳಬೇಕೆಂದಿದ್ದೆ. ಕೇಳಿ ಪ್ರಯೋಜನವಿಲ್ಲ. ಆದರೆ ಮೊನ್ನೆ ಮೊನ್ನೆ ಇಪ್ಪತ್ನಾಲ್ಕು ವರ್ಷದವಳು ಟೇಪು ಹಿಡಿದು ನಿಂತಿದ್ದಳಲ್ಲ. ಅವಳ ಬರವಣಿಗೆಯನ್ನು ಜನ ನಂಬುತ್ತಾರೆ ಎಂದು ತಿಳಿದೇ ಅವಳಿಂದ ಸುಳ್ಳು ಬರೆಸಿದೆ. ಗುಮಾಸ್ತ ಹೊಗಳಿದ್ದನ್ನು ನನಗೆ ಬರೆದು ತಿಳಿಸಿದೆ ಬೇರೆ. ಹೆಮ್ಮೆಯಿಂದಲೇ ಅಂದೆ ಎಂದೂ ಬರೆದೆ. ಆ ಕಾಗದವನ್ನು ನಾನು ಪುಸ್ತಕದೊಳಗೆ ಇಟ್ಟುಕೊಂಡಿದ್ದೆ, ಗೊತ್ತಾ? ಇದನ್ನು ಕ್ಷಮಿಸುವುದಕ್ಕೆ ನನಗೆ ಈಗ ಆಗುತ್ತಿಲ್ಲ. ಆಗುತ್ತಿದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

ಅಜ್ಜಿಗೆ ಕೇಸಿನ ವಿಷಯ ಹೇಳಿದೆ. "ಹಾಕ್ಲಿ ಬಿಡು. ಈ ವಯಸ್ಸಿಗೆ ಜೈಲಿಗೆ ಹಾಕಿದ್ರೆ ಅನ್ನ ಅವ್ರೇ ಹಾಕ್ಬೇಕು, ಕಾಲು ನೋವಿಗೆ ಎಣ್ಣೆ ಅವ್ರೇ ತಿಕ್ಬೇಕು. ನಿಮ್ಮಮ್ಮಂಗೆ ಒಂಚೂರು ಸುಧಾರಿಸ್ಕೊಳಾಕೆ ಆಗ್ತದೆ" ಅಂದಳು. ನಿನ್ನ ಡೆಕ್ ಅಂದರೆ ಏನೆಂದು ಕೇಳಿದಳು. ವಿವರಿಸಿದೆ. "ಮಾಳ ಅನ್ನು. ಹಂದಿ ಕಾಯೋಕೆ ನಾವೂ ಕಟ್ತಿದ್ವಿ. ಪ್ರಮೀಳಂಗೆ ಅಲ್ಲಿ ಕೂರೋದು ಅಂದ್ರೆ ಮೊದ್ಲಿಂದ ಆಸೆ, ಕುರಿ ಬಿಟ್ಟು ಮಾಳದ ಮೇಲೆ ಕೂತು ಹಳೆ ಪೇಪರ್ ಓದೋಳು, ನನ್ನ ಹತ್ರ ಬೈಸ್ಕೊಳೋಳು" ಅಂದಳು. ಮಹಜರಿಗೆ ತಾನೇ ಬಂದು ಕುಳಿ ತೋರಿಸುತ್ತೇನೆ ಎಂದು ಸೀರೆ ಕೂಡ ತೆಗೆದಿಟ್ಟಿದ್ದಳು. ಬಸ್ಸಿಲ್ಲ ಎಂದು ಹೇಳಿ ಅವಳನ್ನು ಕೂರಿಸಿದ್ದೇನೆ.

ಇವತ್ತು ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಕಚೇರಿಗೆ ಒಂದು ಕಾಗದ ರಿಜಿಸ್ಟರ್ ಮಾಡಿದೆ. ಕಾನಿನ ವರ್ಣನೆ ಇಲ್ಲ. ಅದರಲ್ಲಿ ಇರುವುದು ಇಷ್ಟೇ:

"ನವೆಂಬರ್ ತಿಂಗಳ ಅರ್ಜಿಯಲ್ಲಿರುವ ಅಳತೆಯನ್ನು ಮಾಡಿದವಳು ಮತ್ತು ಬರೆದವಳು ನಾನು. ಅಳತೆ ತಪ್ಪಾಗಿದೆ. ಗಡಿಕಲ್ಲು ಮೊದಲಿದ್ದ ಕುಳಿ ಮತ್ತಿಮರದ ಬಳಿ ಈಗಲೂ ಇದೆ. ಮಹಜರಿನ ದಿನ ಸ್ಥಳದಲ್ಲಿ ತೋರಿಸುತ್ತೇನೆ. ತಪ್ಪಿನ ಹೊಣೆ ನನ್ನದು."

ಕೆಳಗೆ ನನ್ನದೊಂದೇ ಸಹಿ. ಭಾವ ಹೇಳಿದ ವೆರಿಫಿಕೇಶನ್ ವಿಷಯ ನನಗೆ ನೆನಪಿದೆ. ಅಂಚೆ ಕಚೇರಿಯ ಕಿಟಕಿಯ ಮುಂದೆ ಅದೇ ಯೋಚನೆ ಬಂದು ಸ್ವಲ್ಪ ಹೊತ್ತು ನಿಂತೆ. ಹಿಂದಿನವರು "ಹೋಗ್ರಿ ಮುಂದೆ" ಅಂದರು. ಹೋದೆ.

ಡೆಕ್ ಅಲ್ಲಿ ಆಗುವುದಿಲ್ಲ. ಅದು ನನ್ನಿಂದಲೇ ಆಗುವುದಿಲ್ಲ ಎಂದು ನೀನು ಜೀವಮಾನವಿಡೀ ಹೇಳಬಹುದು. ಹೇಳು. ಹೋಂಸ್ಟೇ ಮುಚ್ಚಿ ನೀನು ಕೂಲಿಗೆ ಹೋಗುವ ದಿನ ಬಂದರೆ ಅದು ನನಗೂ ತಿಳಿಯುತ್ತದೆ. ತಿಳಿಯದವರ ಹಾಗೆ ಇರುವುದಕ್ಕೆ ನನಗೆ ಆಗುವುದಿಲ್ಲ.

ಈ ಲಕೋಟೆಯಲ್ಲಿ ನಿನ್ನ ಫೆಬ್ರವರಿ ಎರಡನೇ ತಾರೀಖಿನ ಕಾಗದವನ್ನೂ ಇಟ್ಟಿದ್ದೇನೆ. ಅದು ನನ್ನ ಹತ್ತಿರ ಇರುವುದು ಬೇಡ. ಅದರ ಪ್ರತಿ ಮಾಡಿಸಿಲ್ಲ. ಅಮ್ಮನಿಗೂ ತೋರಿಸಿಲ್ಲ. ನೀನೇ ಏನು ಬೇಕಾದರೂ ಮಾಡು.

ಶುಕ್ರವಾರ ಆನವಟ್ಟಿಯ ಮೇಲೆ ಬರುವ ಬಸ್ಸಿಗೆ ಬರುತ್ತೇನೆ. ಈ ಸಲ ಮರದ ಹಿಂದೆ ನಿಲ್ಲುವುದಿಲ್ಲ. ಅಷ್ಟು ಜನರೆದುರು ನನಗೆ ಮಾತು ಬರುತ್ತದೋ ಇಲ್ಲವೋ, ನೋಡೋಣ. ಕಲ್ಲು ಮೊದಲು ಎಲ್ಲಿತ್ತು ಎಂದು ಅವರು ಕೇಳುತ್ತಾರೆ. ಹೇಳುತ್ತೇನೆ. ಅದು ಸರಿದದ್ದು ಯಾರಿಗೆ ಗೊತ್ತಿತ್ತು ಎಂದೂ ಕೇಳಬಹುದು. ಯಾರಿಗೂ ಗೊತ್ತಿರಲಿಲ್ಲ ಎನ್ನುತ್ತೇನೆ.

ಮೀನಾ